ಒಳಗಿನಿಂದ ಚಿಲಕ ಹಾಕಿದ ಬಾಗಿಲು

ಸತ್ತ ಮೈಗೆ ಪೆಟ್ಟು ಬಿದ್ದರೆ ಅದು ಕಂದುವುದಿಲ್ಲ. ಒಳಗೆ ರಕ್ತ ಓಡುತ್ತಿದ್ದರೆ ಮಾತ್ರ ಚರ್ಮ ನೀಲಿಗಟ್ಟುತ್ತದೆ. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಲ್ಲಿ ಚಾಚಾ ನನಗೆ ಇದನ್ನು ಹೇಳಿಕೊಟ್ಟರು. ಬಳ್ಳಾರಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಒಬ್ಬ ಗಂಡಸಿನ ಹೆಣ ಮೇಜಿನ ಮೇಲಿತ್ತು. ಎದೆಯ ಎಲುಬುಗಳು ಮುರಿದು ಒಂದು ಕಡೆ ಹಳ್ಳ ಬಿದ್ದಿತ್ತು. ಚಾಚಾ ಅವನ ಭುಜದ ಮೇಲೆ ಬೆರಳಿಟ್ಟು ತೋರಿಸಿದರು.

"ಇದು ಉಸಿರಿದ್ದಾಗ ಬಿದ್ದಿದ್ದು. ಇಲ್ನೋಡು, ಹಳೇ ಕಾಗದದ ಥರ ಹಳದಿಯಾಗಿ ಒಣಗಿದೆಯಲ್ಲ, ಇದು ಆಮೇಲಿಂದು. ಎಳ್ಕೊಂಡು ಬರೋವಾಗ ಯಾರೋ ತರಚಿದಾರೆ."

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ವರ್ಷ ಅದು. ನಗರದ ಉತ್ತರಕ್ಕಿದ್ದ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ನಾನು ಅಟೆಂಡರ್ ಆಗಿ ಸೇರಿದ್ದೆ. ಹಾಜರಿ ಪುಸ್ತಕ ತಲುಪಿಸುವುದು, ಮೇಜು ಒರೆಸುವುದು, ಇಷ್ಟೇ ನನ್ನ ಕೆಲಸ. ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದವರು ಅಲ್ಲಿ ಎಂಬಾಮಿಂಗ್ ಮಾಡುತ್ತಿದ್ದ ಹಿರಿಯರು. ವಿದ್ಯಾರ್ಥಿಗಳು ಕಲಿಯುವುದಕ್ಕೆ ದಾನವಾಗಿ ಬಂದ ದೇಹಗಳನ್ನು ಕೆಡದ ಹಾಗೆ ಸಿದ್ಧಮಾಡುವುದು, ದೂರದ ಊರಿಗೆ ಹೋಗಬೇಕಾದ ಹೆಣಗಳಿಗೆ ಮದ್ದು ತುಂಬಿ ಕಳಿಸುವುದು ಅವರ ಕೆಲಸ. ಆರ್.ಟಿ. ನಗರದ ಒಂದು ಓಣಿಯಲ್ಲಿ ಮನೆ. ಅದಕ್ಕೂ ಮೊದಲು ಸರ್ಕಾರಿ ಶವಾಗಾರದಲ್ಲಿ ಪೋಸ್ಟ್‌ಮಾರ್ಟಂ ಮೇಜಿನ ಪಕ್ಕ ವರ್ಷಗಟ್ಟಲೆ ನಿಂತಿದ್ದವರು. ವಿಮಾನ ನಿಲ್ದಾಣ ಹತ್ತಿರ ಬಂದ ಮೇಲೆ ನಮ್ಮಲ್ಲಿಗೆ ಬರುವ ಹೆಣಗಳು ಹೆಚ್ಚಾದವು. ಹೆಂಗಸರ ಹೆಣ ಬಂದಾಗಲೆಲ್ಲ ಮನೆಯವರು "ಹೆಂಗಸರು ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ವಿಭಾಗದ ಮುಖ್ಯಸ್ಥೆ ಮೇಡಂ ಒಂದು ದಿನ ನನ್ನನ್ನು ಕರೆದು, "ಚಾಚಾ ಜೊತೆ ನಿಂತ್ಕೋತೀಯೇನಮ್ಮಾ? ಬಲವಂತ ಇಲ್ಲ" ಅಂದರು. ನಾನು ಹ್ಞೂಂ ಅಂದೆ. ಮನೆಗೆ ತಡವಾಗಿ ಹೋಗಲು ಒಂದು ಕಾರಣ ಸಿಗುತ್ತದಲ್ಲ ಎಂದು ಒಪ್ಪಿಕೊಂಡೆ.

ನನ್ನ ಮನೆ ಬಾಗಲಗುಂಟೆಯಲ್ಲಿತ್ತು. ಗಂಡ ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದ. ಮಕ್ಕಳಾಗಿರಲಿಲ್ಲ. ಅವನು ಕುಡಿದು ಹೊಡೆಯುವವನಲ್ಲ. ಕುಡಿಯದೆ, ಊಟ ಮುಗಿಸಿ, ಕೈ ತೊಳೆದುಕೊಂಡು ಬಂದು ಹೊಡೆಯುತ್ತಿದ್ದ. ಸೀರೆ ಮುಚ್ಚುವ ಜಾಗಕ್ಕೇ ಹೊಡೆಯುತ್ತಿದ್ದ. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾಗಿದ್ದಕ್ಕೆ ನನ್ನ ತೋಳು ಹಿಡಿದು ಗೋಡೆಗೆ ಒತ್ತಿ, ಮಂಡಿಯಿಂದ ಹೊಟ್ಟೆಗೆ ಗುದ್ದಿದ್ದ. ಮಾರನೆಯ ದಿನ ಕೆಲಸದಲ್ಲಿ ಕೈಗವಸು ಹಾಕಿಕೊಳ್ಳಲು ತೋಳು ಮಡಿಸಿದಾಗ ಚಾಚಾ ನೋಡಿದರು.

"ಬಾಗ್ಲು ತಗುಲ್ತು ಚಾಚಾ" ಅಂದೆ, ಅವರು ಕೇಳುವ ಮೊದಲೇ.

ಅವರು ನನ್ನ ತೋಳನ್ನು ಮುಟ್ಟಲಿಲ್ಲ. ದೂರದಿಂದಲೇ ನೋಡಿ, "ನೀಲಿದು ನಿನ್ನೆದು. ಹಸಿರು ಐದಾರು ದಿನದ್ದು. ಅರಿಶಿನ ಬಣ್ಣದ್ದು ಹತ್ತು ದಿನದ ಹಿಂದಿಂದು" ಅಂದರು. "ಬಾಗಿಲಿಗೆ ನಾಲ್ಕು ಬೆರಳು, ಒಂದು ಹೆಬ್ಬೆರಳು ಇರಲ್ಲ ಬೇಟಾ."

ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ. ಆದರೆ ಆವತ್ತಿನಿಂದ ಭಾರದ ಕ್ಯಾನುಗಳನ್ನು ನನಗೆ ಎತ್ತಲು ಬಿಡಲಿಲ್ಲ.

ಕೆಲಸ ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ತೊಡೆ ಸಂದಿನ ಸ್ವಲ್ಪ ಕೆಳಗೆ ಮೂರು ಬೆರಳಗಲ ಕೊಯ್ದು, ಕೊಬ್ಬು ಸರಿಸಿ, ರಕ್ತನಾಳ ಹುಡುಕಬೇಕು. ಎರಡು ನಾಳ ಸಿಗುತ್ತವೆ. ನೀಲಿಯಾಗಿ, ಒತ್ತಿದರೆ ಚಪ್ಪಟೆಯಾಗುವುದು ನಮಗೆ ಬೇಡ. ಬೆಳ್ಳಗೆ, ರಬ್ಬರ್ ಕೊಳವೆಯ ಹಾಗೆ ಗಟ್ಟಿಯಾಗಿರುವುದು ಬೇಕು. ಅದರ ಕೆಳಗೆ ದಾರ ತೂರಿಸಿ, ಸಣ್ಣ ಗೀಟು ಕೊಯ್ದು, ಲೋಹದ ನಳಿಕೆ ಕೂರಿಸಿ ಕಟ್ಟಬೇಕು. ಮೇಲೆ ತೂಗುಹಾಕಿದ ಕ್ಯಾನಿನಿಂದ ಫಾರ್ಮಾಲಿನ್ ಬೆರೆಸಿದ ಮದ್ದು ಮೆಲ್ಲಗೆ ಇಳಿಯುತ್ತದೆ. ಅದು ಇಳಿಯುವಷ್ಟು ಹೊತ್ತೂ ಕೈಕಾಲುಗಳನ್ನು ಹೃದಯದಿಂದ ಹೊರಕ್ಕೆ ನೀವುತ್ತಿರಬೇಕು. ಬೆರಳ ತುದಿ ತುಂಬಿಕೊಂಡಾಗ, ಕಿವಿಯ ಹಾಲೆ ಬಿಗಿಯಾದಾಗ ಮದ್ದು ತಲುಪಿದೆ ಎಂದು ಅರ್ಥ. ಕಣ್ಣು, ಮೂಗು ಉರಿಯುತ್ತವೆ. ಮೊದಲ ವರ್ಷ ಪೂರ್ತಿ ನನ್ನ ಕೈಯ ಅನ್ನಕ್ಕೆ ಅದೇ ವಾಸನೆ ಇತ್ತು.

ನಾನೇ ಮೊದಲಿಂದ ಕೊನೆಯವರೆಗೆ ಮಾಡಿದ ಮೊದಲ ಹೆಣ ಒಬ್ಬ ಕಟ್ಟಡ ಕಾರ್ಮಿಕನದು. ಜಾಲಹಳ್ಳಿ ಕಡೆ ಎಂಟನೆಯ ಅಂತಸ್ತಿನಿಂದ ಕಬ್ಬಿಣದ ಸರಳುಗಳ ಮೇಲೆ ಬಿದ್ದಿದ್ದ. ಒಂದು ಸರಳು ದವಡೆಯ ಕೆಳಗೆ ಹೊಕ್ಕು ಕೆನ್ನೆಯಲ್ಲಿ ಹೊರಬಂದಿತ್ತು. ಪೋಸ್ಟ್‌ಮಾರ್ಟಂ ಆದ ಮೇಲೆ ಬಂದದ್ದರಿಂದ ಎದೆಯನ್ನು ಗೋಣಿ ಹೊಲಿದ ಹಾಗೆ ಹೊಲಿದಿದ್ದರು. ಒಳಗಿನ ನಾಳಗಳೆಲ್ಲ ತುಂಡಾಗಿದ್ದವು. ಹಾಗಿದ್ದಾಗ ಒಂದೇ ಕಡೆಯಿಂದ ಮದ್ದು ಹೋಗುವುದಿಲ್ಲ. ಎರಡು ತೊಡೆ, ಎರಡು ತೋಳು, ಕುತ್ತಿಗೆಯ ಎರಡು ಬದಿ, ಹೀಗೆ ಆರು ಕಡೆ ಕೊಯ್ದೆ. ಒಡೆದ ಕೆನ್ನೆಗೆ ಬಾಯಿಯೊಳಗಿನಿಂದ ಹತ್ತಿ ತುಂಬಿ, ಕಾಣದ ಹಾಗೆ ಹೊಲಿದೆ. ಹೊರಗೆ ಅವನ ಅಣ್ಣ ಕೂತಿದ್ದ. ಮುಖ ನೋಡಿ ಅಳಲಿಲ್ಲ. ತಮ್ಮನ ಕೆನ್ನೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, ನನ್ನ ಕಡೆ ತಿರುಗಿ ತಲೆಯಾಡಿಸಿದ. ಆವತ್ತು ಮೊದಲ ಬಾರಿಗೆ ನನಗೆ ನನ್ನ ಕೈಗಳ ಮೇಲೆ ಹೆಮ್ಮೆ ಅನ್ನಿಸಿತು.

ಇನ್ನು ಹೇಳಬೇಕಾದದ್ದು ನಾನು ಕೆಲಸಕ್ಕೆ ಸೇರಿದ ಐದನೆಯ ವರ್ಷದ ಮಾತು.

ಬೆಳಗ್ಗೆ ಹತ್ತು ಗಂಟೆ. ಆಂಬುಲೆನ್ಸಿನಲ್ಲಿ ಒಬ್ಬಳ ಹೆಣ ಬಂತು. ನನಗಿಂತ ಚಿಕ್ಕವಳು. ಜೊತೆಗೆ ಅವಳ ಗಂಡ, ಅವನ ಇಬ್ಬರು ಅಣ್ಣಂದಿರು. ಯಶವಂತಪುರದಲ್ಲಿ ವ್ಯಾಪಾರ ಇರುವ ಕುಟುಂಬ. ಹೃದಯಾಘಾತ ಎಂದು ಯಾವುದೋ ಕ್ಲಿನಿಕ್ಕಿನ ವೈದ್ಯರು ಬರೆದುಕೊಟ್ಟ ಚೀಟಿ ಅವರ ಕೈಲಿತ್ತು. ಅವಳ ತವರು ದೂರದ ಉತ್ತರದಲ್ಲಿ. ಮಗಳ ಮುಖ ತೋರಿಸದೆ ಸುಡಕೂಡದು ಎಂದು ತಾಯಿ ಫೋನಿನಲ್ಲಿ ಹಟ ಹಿಡಿದಿದ್ದಳಂತೆ. ಅದಕ್ಕೆ ಸಂಜೆಯ ವಿಮಾನಕ್ಕೆ ಕಳಿಸಬೇಕು. ವಿಮಾನಕ್ಕೆ ಎಂಬಾಮಿಂಗ್ ಪ್ರಮಾಣಪತ್ರ ಬೇಕು.

"ಪೊಲೀಸರ ಎನ್ಒಸಿ ಎಲ್ಲಿ ಸಾರ್?" ಚಾಚಾ ಕೇಳಿದರು.

"ಬರ್ತಾ ಇದೆ. ನೀವು ಶುರು ಮಾಡ್ರಿ, ಟೈಮ್ ಇಲ್ಲ" ಅಂದ ಗಂಡ. "ಮುಖ ಒಂದು ಕಾಣೋ ಥರ ಮಾಡಿ, ಬಾಕಿ ಎಲ್ಲ ಸುತ್ತಿಬಿಡಿ. ಬಟ್ಟೆ ಬದಲಾಯಿಸೋದೇನೂ ಬೇಡ."

ಬಟ್ಟೆ ಬಿಚ್ಚದೆ ನಾಳ ಹುಡುಕುವುದು ಹೇಗೆ? ಅವಳನ್ನು ನಾನು ಕೋಣೆಯೊಳಗೆ ತೆಗೆದುಕೊಂಡೆ. ಚಾಚಾ ಹೊರಗಿನ ಕಾರಿಡಾರಿನಲ್ಲೇ ನಿಂತರು. ಕುತ್ತಿಗೆಗೆ ದುಪಟ್ಟಾ ಬಿಗಿಯಾಗಿ ಸುತ್ತಿದ್ದರು. ಅದನ್ನು ಬಿಚ್ಚಿದೆ. ಕೆಳಗೆ ದಪ್ಪಗೆ ಪೌಡರ್ ಬಳಿದಿತ್ತು. ಒದ್ದೆ ಹತ್ತಿಯಿಂದ ಒರೆಸಿದೆ. ಗಂಟಲಿನ ಎರಡು ಬದಿಯಲ್ಲೂ ಬೆರಳುಗಳು ಅಚ್ಚೊತ್ತಿದ್ದವು. ಉಗುರು ನಾಟಿದ ಕಡೆ ಬಾಲಚಂದ್ರನ ಹಾಗೆ ಸಣ್ಣ ಗಾಯ. ಕಣ್ಣುರೆಪ್ಪೆ ಮಗುಚಿ ನೋಡಿದೆ. ಒಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ತೋಳಿನ ಮೇಲೆ ನಾಲ್ಕು, ಹಿಂದೆ ಒಂದು. ನೀಲಿ, ಹಸಿರು, ಅರಿಶಿನ. ಪಕ್ಕೆಯ ಮೇಲೆ ಬೂಟಿನ ತುದಿಯಷ್ಟು ಅಗಲದ ಗುರುತು. ನನ್ನದೇ ಮೈಯನ್ನು ಯಾರೋ ಬಿಚ್ಚಿ ಮೇಜಿನ ಮೇಲೆ ಮಲಗಿಸಿದ ಹಾಗಿತ್ತು.

ಕೈಯಲ್ಲಿ ಬ್ಲೇಡು ಹಿಡಿದೇ ನಿಂತಿದ್ದೆ. ಮದ್ದು ಒಳಗೆ ಹೋದರೆ ಅಂಗಾಂಶ ಗಟ್ಟಿಯಾಗುತ್ತದೆ, ಬಣ್ಣ ಬದಲಾಗುತ್ತದೆ, ಆಮೇಲೆ ಯಾವ ವೈದ್ಯರಿಗೂ ಸರಿಯಾಗಿ ಓದಲಾಗುವುದಿಲ್ಲ. ಬ್ಲೇಡು ಕೆಳಗಿಟ್ಟು ಚಾಚಾರನ್ನು ಒಳಗೆ ಕರೆದೆ. ಅವರು ಕನ್ನಡಕ ಸರಿಮಾಡಿಕೊಂಡು ಕುತ್ತಿಗೆಯನ್ನು ಒಂದೇ ಸಲ ನೋಡಿದರು.

"ಇವಳಿಗೆ ನಾನು ಕೈ ಹಚ್ಚಲ್ಲ ಚಾಚಾ" ಅಂದೆ.

"ಹಚ್ಚಬಾರದು" ಅಂದರು ಅವರು. "ಮೇಡಂಗೆ ಫೋನ್ ಮಾಡು. ಪೊಲೀಸ್‌ಗೂ ಮಾಡು. ನಾನು ಹೊರಗೆ ಅವರನ್ನ ಮಾತಾಡಿಸ್ತಾ ಇರ್ತೀನಿ. ಒಳಗಿಂದ ಚಿಲಕ ಹಾಕ್ಕೋ. ನಾನು ಹೇಳೋ ತನಕ ತೆಗಿಬೇಡ."

ಅವರು ಹೊರಗೆ ಹೋದರು. ನಾನು ಚಿಲಕ ಹಾಕಿದೆ. ಮೇಡಂ ಇನ್ನೊಂದು ಕಟ್ಟಡದಲ್ಲಿ ಪಾಠ ಮಾಡುತ್ತಿದ್ದರು. ಫೋನ್ ಎತ್ತಲಿಲ್ಲ. ನೂರಕ್ಕೆ ಮಾಡಿದೆ. ಎಲ್ಲಿ, ಏನು, ಯಾರು ಎಂದು ಅವರು ಕೇಳುತ್ತಿರುವಾಗಲೇ ಹೊರಗೆ ಮಾತು ಏರಿತು.

"ಏನ್ ನೋಡಿದಾಳೆ ಅವಳು? ಕರೀರಿ ಹೊರಗೆ."

"ಪೋಸ್ಟ್‌ಮಾರ್ಟಂ ಆಗದೆ ನಾವು ಮುಟ್ಟೋಹಾಗಿಲ್ಲ ಸಾರ್. ರೂಲ್ಸ್ ಹಂಗಿದೆ" ಚಾಚಾ ಹೇಳುತ್ತಿದ್ದರು.

"ಹಂಗಾದ್ರೆ ಬಾಡಿ ಕೊಡ್ರಿ. ನಾವು ತಗೊಂಡು ಹೋಗ್ತೀವಿ."

"ಈಗ ಕೊಡಕ್ಕಾಗಲ್ಲ."

ಅದಾದ ಮೇಲೆ ಮಾತಿರಲಿಲ್ಲ. ಮೊದಲು ಕೆನ್ನೆಗೆ ಬಿದ್ದ ಏಟು, ಹಿಂದೆಯೇ ಕನ್ನಡಕ ನೆಲಕ್ಕೆ ಬಿದ್ದು ಒಡೆದ ಸದ್ದು. ಆಮೇಲೆ ಭಾರವಾದ್ದೇನೋ ಬಾಗಿಲಿಗೆ ಬಡಿಯಿತು. ಅದು ಚಾಚಾರ ಬೆನ್ನು. ಚಿಲಕ ಕುಣಿಯಿತು. ಮತ್ತೆ ಬಡಿಯಿತು. ಮನುಷ್ಯನ ತಲೆ ಉಕ್ಕಿನ ಬಾಗಿಲಿಗೆ ಬಡಿದರೆ ಬರುವ ಸದ್ದೇ ಬೇರೆ. ಆವತ್ತು ಅದನ್ನು ಕೇಳಿ ತಿಳಿದೆ. ಅವರು ನೆಲಕ್ಕೆ ಬಿದ್ದರು. ಒದೆಯುವ ಸದ್ದು, ಪ್ರತಿ ಒದೆತಕ್ಕೂ ಅವರ ಬಾಯಿಂದ ಗಾಳಿ ಹೊರಡುವ ಸದ್ದು. ಒಬ್ಬ ಬಾಗಿಲನ್ನು ಒದೆಯುತ್ತ, "ತೆಗಿಯೇ, ಇವನನ್ನ ಮುಗಿಸಿಬಿಡ್ತೀವಿ" ಎಂದು ಕೂಗಿದ.

ನಾನು ಮೇಜಿನ ಕಾಲನ್ನು ಹಿಡಿದು ನೆಲದ ಮೇಲೆ ಕೂತಿದ್ದೆ.

ಆಗ ಚಾಚಾರ ದನಿ ಕೇಳಿತು. ಬಾಗಿಲ ಕೆಳಗಿನ ಸಂದಿನ ಹತ್ತಿರ, ನೆಲದ ಮಟ್ಟದಿಂದ ಬಂತು. "ತೆಗಿ ಬೇಟಾ. ಸಾಕು. ತೆಗಿಯಮ್ಮಾ."

ನಾನು ತೆಗೆಯಲಿಲ್ಲ.

ತೆಗೆದರೆ ಅವಳನ್ನು ಎತ್ತಿಕೊಂಡು ಹೋಗಿ ಸುಟ್ಟುಬಿಡುತ್ತಾರೆ ಎಂದು ಗೊತ್ತಿತ್ತು. ಅದು ನಿಜ. ನನಗೆ ವಿಪರೀತ ಹೆದರಿಕೆಯಾಗಿತ್ತು, ಅದೂ ನಿಜ. ಯಾವುದು ಎಷ್ಟು ಪಾಲು ಎಂದು ಇವತ್ತಿಗೂ ಹೇಳಲಾರೆ. ಅವರು ಇನ್ನೂ ಎರಡು ಸಲ ಕರೆದರು. ಎರಡನೆಯ ಸಲ ಮಾತು ಪೂರ್ತಿಯಾಗಲಿಲ್ಲ.

ವಾಚ್‌ಮನ್ ಮೊದಲಿಂದಲೂ ಮೆಟ್ಟಿಲ ಹತ್ತಿರ ನಿಂತು ನೋಡುತ್ತಿದ್ದನಂತೆ. ಕೊನೆಗೆ ತರಗತಿ ಮುಗಿಸಿ ಬಂದ ವಿದ್ಯಾರ್ಥಿಗಳ ಗುಂಪು ಕೂಗಿಕೊಂಡು ಓಡಿಬಂತು. ಅಣ್ಣಂದಿರು ಓಡಿದರು. ಗಂಡನನ್ನು ವಿದ್ಯಾರ್ಥಿಗಳು ಹಿಡಿದುಕೊಂಡರು. ಮೇಡಂ ಬಂದು ನನ್ನ ಹೆಸರು ಕೂಗಿದ ಮೇಲೆಯೇ ನಾನು ಬಾಗಿಲು ತೆಗೆದದ್ದು. ಚಾಚಾ ಅಡ್ಡಬಿದ್ದಿದ್ದರು. ಎಡಗಣ್ಣು ಊದಿ ಮುಚ್ಚಿಹೋಗಿತ್ತು, ಅದರ ಮೂಲೆಯಲ್ಲಿ ಕನ್ನಡಕದ ಚೂರು. ಎರಡು ಹಲ್ಲು ನೆಲದ ಮೇಲಿದ್ದವು. ಅವರನ್ನು ಸ್ಟ್ರೆಚರಿಗೆ ಎತ್ತುವಾಗ ನಾನು ಕಾಲು ಹಿಡಿದಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ಇರಲೂ ಇಲ್ಲ.

ಪೊಲೀಸರು ಬಂದರು, ಹೇಳಿಕೆ ಬರೆದುಕೊಂಡರು. ಹೆಣ ಸರ್ಕಾರಿ ಆಸ್ಪತ್ರೆಗೆ ಪೋಸ್ಟ್‌ಮಾರ್ಟಂಗೆ ಹೋಯಿತು. ನಾನು ಸಂಜೆ ಏಳಕ್ಕೆ ಬಾಗಲಗುಂಟೆ ತಲುಪಿದೆ. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದ.

"ಎಲ್ಲಿ ಸುತ್ತಕ್ಕೆ ಹೋಗಿದ್ದೆ?"

ನಡೆದದ್ದನ್ನು ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಆ ಹೆಂಗಸು ಏನ್ ಮಾಡಿದ್ಳೋ ಏನೋ, ಯಾರಿಗೆ ಗೊತ್ತು" ಅಂದು ಕೆನ್ನೆಗೆ ಬಾರಿಸಿದ. ಎರಡನೆಯ ಏಟಿಗೆ ಕೈ ಎತ್ತಿದಾಗ ನಾನು ಅವನ ಮಣಿಕಟ್ಟನ್ನು ಹಿಡಿದೆ. ಹಿಡಿಯಬೇಕೆಂದು ಅಂದುಕೊಂಡಿರಲಿಲ್ಲ. ಐದು ವರ್ಷ ಹೆಣಗಳ ಕೈಕಾಲು ನೀವಿದ ಕೈ ನನ್ನದು, ಅವನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ. ನನ್ನ ಹೆಬ್ಬೆರಳ ಕೆಳಗೆ ಅವನ ನಾಡಿ ಬಡಿಯುತ್ತಿತ್ತು. ಆ ನಾಳ ಎಷ್ಟು ಆಳದಲ್ಲಿದೆ, ಯಾವ ಕಡೆಯಿಂದ ಕೊಯ್ದರೆ ಒಂದೇ ಸಲಕ್ಕೆ ಸಿಗುತ್ತದೆ ಎಂದು ನನಗೆ ಗೊತ್ತಿತ್ತು. ತರಕಾರಿ ಹೆಚ್ಚುವ ಚಾಕು ಒಲೆಯ ಕಟ್ಟೆಯ ಮೇಲೆ ಕೈಗೆಟಕುವ ದೂರದಲ್ಲಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಅವನ ನಾಡಿ ಜೋರಾಯಿತು. ನನಗೆ ಹಿತವಾಯಿತು. ಹಿತವಾದದ್ದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಅವನ ಕೈ ಬಿಟ್ಟೆ. ಬೆಳಗಾದ ಮೇಲೆ ಎರಡು ಚೀಲ ತೆಗೆದುಕೊಂಡು ಹೊರಟೆ. ಗಂಡನ ಹೊಡೆತಕ್ಕೆ ಹೆದರಿ ಮನೆಬಿಟ್ಟಳು ಎಂದು ನನ್ನ ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು. ನಾನು ತಿದ್ದಲಿಲ್ಲ. ನನಗೆ ಹೆದರಿಕೆಯಾಗಿದ್ದು ನನ್ನ ಬಗ್ಗೆ. ಅವನು ಎರಡು ಸಲ ಕರೆಯಲು ಬಂದ. ಎರಡು ಸಲವೂ ಬೀದಿಯ ಆಚೆ ಬದಿಯಲ್ಲೇ ನಿಂತು ಮಾತಾಡಿ ಹೋದ. ಜಾಲಹಳ್ಳಿ ಆಚೆಯ ಸಿಂಗಾಪುರ ಬಡಾವಣೆಯಲ್ಲಿ ಒಂದು ಕೋಣೆ ಮಾಡಿಕೊಂಡೆ. ಈಗಲೂ ಅಲ್ಲೇ ಇದ್ದೇನೆ.

ಮೂರನೆಯ ದಿನ ಪೋಸ್ಟ್‌ಮಾರ್ಟಂ ಮುಗಿದು, ಅವಳ ಹೆಣ ನಮ್ಮಲ್ಲಿಗೇ ವಾಪಸು ಬಂತು. ಅವಳ ತಾಯಿ ಬಂದಿದ್ದಳು. ಕತ್ತು ಹಿಸುಕಿ ಕೊಂದಿದ್ದಾರೆ, ಗಂಟಲಿನ ಸಣ್ಣ ಎಲುಬು ಮುರಿದಿದೆ ಎಂದು ವರದಿಯಲ್ಲಿತ್ತು. ಆರು ಕಡೆ ಕೊಯ್ದು ನಾನೊಬ್ಬಳೇ ಕೆಲಸ ಮುಗಿಸಿದೆ. ಕುತ್ತಿಗೆಯ ಹೊಲಿಗೆ ಕಾಣದ ಹಾಗೆ ಬಟ್ಟೆ ಹೊದಿಸಿ ತಾಯಿಯನ್ನು ಕರೆದೆ. ನಮ್ಮಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಅವಳು ಮಗಳ ಮುಖ ಸವರಿದಳು. ಆಮೇಲೆ ತೋಳಿನ ಬಟ್ಟೆ ಸರಿಸುವಂತೆ ಸನ್ನೆ ಮಾಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ಅವಳೇ ಸರಿಸಿದಳು. ಎಣಿಸುವಂತೆ ಒಂದೊಂದೇ ಗುರುತಿನ ಮೇಲೆ ಬೆರಳಿಟ್ಟಳು. ಕೊನೆಗೆ ತನ್ನದೇ ಕೆನ್ನೆಗೆ ಎರಡೂ ಕೈಯಿಂದ ಹೊಡೆದುಕೊಳ್ಳತೊಡಗಿದಳು. ತಡೆಯಲು ಹೋದ ನನ್ನ ಎದೆಗೆ ಗುದ್ದಿದಳು. ಸುಸ್ತಾಗಿ ನಿಲ್ಲುವವರೆಗೂ ಗುದ್ದಿಸಿಕೊಂಡೆ.

ಚಾಚಾ ನಾಲ್ಕು ತಿಂಗಳ ನಂತರ ಕೆಲಸಕ್ಕೆ ಬಂದರು. ಎಡಗಣ್ಣು ಹೋಗಿತ್ತು. ಮುರಿದ ಪಕ್ಕೆಲುಬುಗಳು ಕೂಡಿದರೂ ಬಗ್ಗಲು ಆಗುತ್ತಿರಲಿಲ್ಲ. ನಾಳ ಹುಡುಕುವ ಕೆಲಸ ನನ್ನದಾಯಿತು. ಅವರು ಪಕ್ಕದಲ್ಲಿ ಸ್ಟೂಲ್ ಮೇಲೆ ಕೂತು ಹೆಣದ ಕೈ ನೀವುತ್ತಿದ್ದರು. ಆ ಬಾಗಿಲ ಮಾತು ಅವರು ಎತ್ತಲಿಲ್ಲ. ನನಗೂ ಎತ್ತುವ ಧೈರ್ಯ ಇರಲಿಲ್ಲ.

ಪ್ರಕರಣ ಕೋರ್ಟಿಗೆ ಬರಲು ವರ್ಷಗಳು ಹಿಡಿದವು. ಕಟಕಟೆಯಲ್ಲಿ ಆರೋಪಿಗಳ ವಕೀಲರು ನನ್ನನ್ನು ಕೇಳಿದರು. "ನೀವು ಡಾಕ್ಟರಾ?"

"ಅಲ್ಲ ಸಾರ್."

"ಮತ್ತೆ ಆ ಗುರುತುಗಳು ಹೊಡೆತದ್ದೇ ಅಂತ ಹೇಗೆ ಹೇಳ್ತೀರಿ?"

"ನನ್ನ ಮೈಮೇಲೂ ಇತ್ತು ಸಾರ್. ಎಷ್ಟು ದಿನಕ್ಕೆ ಯಾವ ಬಣ್ಣ ಆಗುತ್ತೆ ಗೊತ್ತು."

ವಕೀಲರು ಕಾಗದ ತಿರುವಿ ಬೇರೆ ಪ್ರಶ್ನೆಗೆ ಹೋದರು. "ಹಿರಿಯರನ್ನ ಯಾರು ಹೊಡೆದರು ಅಂತ ಕಣ್ಣಾರೆ ನೋಡಿದಿರಾ?"

"ಇಲ್ಲ. ಬಾಗಿಲು ಹಾಕಿತ್ತು. ಕೇಳಿಸ್ತು."

"ಏನು ಕೇಳಿಸ್ತು?"

ಚಾಚಾ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಏಟಿನ ಸದ್ದು, ಬೆದರಿಕೆ ಎಲ್ಲ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಬಾಗಿಲು ತೆಗಿ ಅಂತ ಅವರು ಮೂರು ಸಲ ಕರೆದರು. ನಾನು ತೆಗೀಲಿಲ್ಲ" ಅಂದೆ. ನ್ಯಾಯಾಧೀಶರು ತಲೆ ಎತ್ತಿ ನನ್ನನ್ನು ನೋಡಿ, ಅದನ್ನೂ ಬರೆಸಿದರು.

ಚಾಚಾರ ಸರದಿ ಬಂದಾಗ ಅವರು ಸುಳ್ಳು ಹೇಳಲಿಲ್ಲ. ಮೊದಲ ಏಟಿಗೇ ಕನ್ನಡಕ ಹೋಯಿತು, ಮೂವರಲ್ಲಿ ಯಾರ ಕಾಲು ಯಾರ ಕೈ ಎಂದು ಕಾಣಲಿಲ್ಲ ಎಂದರು. ವಾಚ್‌ಮನ್ ತಾನು ಆವತ್ತು ಅಲ್ಲಿರಲೇ ಇಲ್ಲ ಎಂದ. ಆವತ್ತಿನ ವಿದ್ಯಾರ್ಥಿಗಳು ಓದು ಮುಗಿಸಿ ಚದುರಿಹೋಗಿದ್ದರು, ಯಾರೂ ಸಾಕ್ಷಿ ಹೇಳಲು ಬರಲಿಲ್ಲ.

ತೀರ್ಪಿನ ದಿನ ಸತ್ತವಳ ಗಂಡನಿಗೆ ಕೊಲೆಗಾಗಿ ಜೀವಾವಧಿ ಆಯಿತು. ಚಾಚಾಗೆ ಹೊಡೆದ ಆರೋಪದಲ್ಲಿ ಸಾಕ್ಷಿ ಸಾಲದೆಂದು ಮೂವರನ್ನೂ ಬಿಟ್ಟರು. ಅಣ್ಣಂದಿರು ನಮ್ಮ ಪಕ್ಕದಲ್ಲೇ ಮೆಟ್ಟಿಲು ಇಳಿದು ಹೋದರು. ಒಬ್ಬ ಚಾಚಾರ ಭುಜಕ್ಕೆ ಬೇಕೆಂದೇ ತಗುಲಿಸಿಕೊಂಡು ಹೋದ.

ಹೊರಗೆ ಬಸ್ಸಿಗೆ ಕಾಯುತ್ತ ನಿಂತಾಗ ನಾನು ಕೇಳಿದೆ. "ಚಾಚಾ, ಆವತ್ತು ನಾನು ತೆಗೀಬೇಕಿತ್ತಾ?"

ಅವರು ಬಲಗಣ್ಣಿನಿಂದ ರಸ್ತೆ ನೋಡುತ್ತಿದ್ದರು.

"ಆಗ ತೆಗೀಲಿ ಅನ್ನಿಸ್ತಾ ಇತ್ತು" ಅಂದರು. "ಜೀವ ಹೋಗ್ತಿರೋವಾಗ ಮನುಷ್ಯ ಏನ್ ಬೇಕಾದ್ರೂ ಕೇಳ್ತಾನೆ. ಆಸ್ಪತ್ರೇಲಿ ಎರಡು ತಿಂಗಳು ನಿನ್ನ ಬೈಕೊಂಡೇ ಇದ್ದೆ. ಮನೇಲಿ ಎಲ್ಲರಿಗೂ ಹೇಳಿದೀನಿ, ಅವಳು ಬಾಗ್ಲು ತೆಗೀಲಿಲ್ಲ ಅಂತ."

"ಈಗ?"

"ಈಗ ಬೈಯಲ್ಲ."

ಹೆಬ್ಬಾಳದ ಬಸ್ಸು ಬಂತು. ಮೆಟ್ಟಿಲ ಎತ್ತರ ಅವರಿಗೆ ಅಂದಾಜಾಗುತ್ತಿರಲಿಲ್ಲ. ಮೊಣಕೈ ಹಿಡಿಯಲು ಹೋದೆ. ಅವರು ನನ್ನ ಕೈ ಸರಿಸಿ, ಕಂಬಿ ತಡಕಿ ಹಿಡಿದುಕೊಂಡು ತಾವೇ ಹತ್ತಿದರು.